ಓದುಗರ ಪ್ರಶ್ನೆ: ಹೊಳೆ ಹೊತ್ತ ಲೋಹ ಕಡಲಿಗೆ ಎಷ್ಟು ಮುಟ್ಟುತ್ತದೆ?

ಪ್ರಶ್ನೆ: ಮುಂಗಾರಿನಲ್ಲಿ ಘಟಪ್ರಭೆಗೆ ಹೊಸ ನೀರು ಬಂದಾಗ ಗೋಕಾಕ ಜಲಪಾತ ಕೆಂಪು ಬೆರೆತ ಕಂದು ಬಣ್ಣದಲ್ಲಿ ಧುಮುಕುತ್ತದೆ. ಆ ಬಣ್ಣ ಕಬ್ಬಿಣದ್ದು ಎಂದು ಮಕ್ಕಳಿಗೆ ಹೇಳುತ್ತೇನೆ. ಈ ಕಬ್ಬಿಣ ಮತ್ತು ಅದರ ಜೊತೆಗಿರುವ ಇತರ ಲೋಹಗಳು ಬಂಗಾಳ ಕೊಲ್ಲಿಯವರೆಗೆ ಹೋಗುತ್ತವೆಯೇ? ಯಾವ ಲೋಹ ಯಾವ ಬಂಡೆಯಿಂದ ಬಂತೆಂದು ಐಸೋಟೋಪುಗಳಿಂದ ತಿಳಿಯಬಹುದು ಎನ್ನುತ್ತಾರೆ, ಅದು ಹೇಗೆ?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಗೋಕಾಕ ತಾಲ್ಲೂಕು

ಉತ್ತರ: ಮಕ್ಕಳಿಗೆ ನೀವು ಹೇಳುತ್ತಿರುವುದು ಸರಿಯಾಗಿದೆ. ಸಹ್ಯಾದ್ರಿಯ ಮೇಲ್ಭಾಗದ ಬಸಾಲ್ಟ್ ಬಂಡೆಗಳು ಮಳೆಗೆ ನೆನೆದು, ಶಿಥಿಲವಾಗಿ, ಜಂಬಿಟ್ಟಿಗೆ ಮತ್ತು ಕೆಂಪು ಮಣ್ಣಾಗಿ ಮಾರ್ಪಟ್ಟಿವೆ. ಆ ಮಣ್ಣಿನ ಕಣಗಳನ್ನು ಕಬ್ಬಿಣದ ಆಕ್ಸೈಡು ತೆಳುವಾದ ಲೇಪದಂತೆ ಮುಚ್ಚಿಕೊಂಡಿರುತ್ತದೆ. ಆದರೆ ಕಣ್ಣಿಗೆ ಕಾಣುವ ಆ ಕೆಂಪು ನೀರಿನಲ್ಲಿ ಕರಗಿದ್ದಲ್ಲ, ನೀರಿನಲ್ಲಿ ತೇಲುತ್ತಿರುವ ಕಣಗಳದ್ದು. ಒಂದು ಲೀಟರು ಹೊಸ ನೀರನ್ನು 0.45 ಮೈಕ್ರೋಮೀಟರ್ ರಂಧ್ರಗಳ ಸೋಸುಹಾಳೆಯ ಮೂಲಕ ಹಾಯಿಸಿದರೆ ಹಾಳೆಯ ಮೇಲೆ ಕೆಂಪು ರಾಡಿ ಬಳಿದಂತೆ ಕೂರುತ್ತದೆ, ಕೆಳಗಿನ ಪಾತ್ರೆಗೆ ಇಳಿದ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ನದಿಗಳನ್ನು ಅಧ್ಯಯನ ಮಾಡುವವರು ಹಾಳೆಯ ಮೇಲೆ ಉಳಿದದ್ದನ್ನು ‘ಕಣರೂಪದ ಹೊರೆ’ ಎಂದೂ ಕೆಳಗಿಳಿದದ್ದನ್ನು ‘ಕರಗಿದ ಹೊರೆ’ ಎಂದೂ ಲೆಕ್ಕ ಹಾಕುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂ, ನಿಯೋಡೈಮಿಯಂನಂಥ ಲೋಹಗಳ ಬಹುಪಾಲು ಮೊದಲನೆಯ ಹೊರೆಯಲ್ಲಿಯೂ, ಸ್ಟ್ರಾಂಷಿಯಂ ಮತ್ತು ಮಾಲಿಬ್ಡಿನಂನಂಥವುಗಳ ಗಣನೀಯ ಪಾಲು ಎರಡನೆಯ ಹೊರೆಯಲ್ಲಿಯೂ ಸಾಗುತ್ತವೆ. ನಿಮ್ಮ ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಉತ್ತರ ಕೊಡಲಾಗದಿರುವುದಕ್ಕೆ ಈ ವಿಂಗಡಣೆಯೇ ಕಾರಣ. ಒಂದೊಂದು ಲೋಹದ ದಾರಿ ಒಂದೊಂದು.

ಐಸೋಟೋಪುಗಳ ವಿಷಯವನ್ನು ಸ್ಟ್ರಾಂಷಿಯಂನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಬಂಡೆಗಳು ಇದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಎಲ್ಲ ಸಾಮಗ್ರಿಯನ್ನೂ ಒದಗಿಸುತ್ತವೆ. ಒಂದು ಧಾತುವಿನ ಎಲ್ಲ ಪರಮಾಣುಗಳಲ್ಲಿ ಪ್ರೋಟಾನುಗಳ ಸಂಖ್ಯೆ ಒಂದೇ ಇರುತ್ತದೆ, ನ್ಯೂಟ್ರಾನುಗಳ ಸಂಖ್ಯೆ ಬೇರೆಬೇರೆಯಾಗಿರಬಹುದು. ಹೀಗೆ ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳೇ ಐಸೋಟೋಪುಗಳು. ಸ್ಟ್ರಾಂಷಿಯಂಗೆ 84, 86, 87 ಮತ್ತು 88 ಎಂಬ ನಾಲ್ಕು ಸ್ಥಿರ ಐಸೋಟೋಪುಗಳಿವೆ. ಇವುಗಳಲ್ಲಿ 87 ಮಾತ್ರ ಕಾಲ ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ. ರುಬಿಡಿಯಂ-87 ಎಂಬ ವಿಕಿರಣಶೀಲ ಐಸೋಟೋಪು ಕ್ಷಯಿಸಿ ಸ್ಟ್ರಾಂಷಿಯಂ-87 ಆಗುತ್ತದೆ, ಅದರ ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಆದ್ದರಿಂದ ಬಂಡೆಯಲ್ಲಿ ರುಬಿಡಿಯಂ ಎಷ್ಟಿತ್ತು, ಬಂಡೆಗೆ ವಯಸ್ಸೆಷ್ಟಾಯಿತು ಎಂಬ ಎರಡು ಸಂಗತಿಗಳು ಸೇರಿ ಸ್ಟ್ರಾಂಷಿಯಂ 87 ಮತ್ತು 86ರ ಅನುಪಾತವನ್ನು ನಿರ್ಧರಿಸುತ್ತವೆ.

ಬೆಳಗಾವಿಯ ಉತ್ತರ ಭಾಗದಲ್ಲಿಯೂ ವಿಜಯಪುರದ ಬಹುಭಾಗದಲ್ಲಿಯೂ ನೆಲದಡಿ ಹಾಸಿರುವ ದಖ್ಖನ್ ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ. ಬಂಡೆಗಳ ಲೆಕ್ಕದಲ್ಲಿ ಇದು ಎಳೆಯ ವಯಸ್ಸು, ರುಬಿಡಿಯಂ ಕೂಡ ಅದರಲ್ಲಿ ಕಡಿಮೆ. ಅದರ ಹೆಚ್ಚಿನ ಪದರಗಳಲ್ಲಿ ಅನುಪಾತ 0.704ರಿಂದ 0.708ರ ನಡುವೆ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ದಕ್ಷಿಣ ಮತ್ತು ಪೂರ್ವದ ಅಂಚಿನಲ್ಲಿ ನೆಲದಿಂದ ಎದ್ದು ಕಾಣುವ ನೈಸ್ ಮತ್ತು ಗ್ರಾನೈಟ್ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು, ರುಬಿಡಿಯಂ ಹೆಚ್ಚಿರುವಂಥವು. ಅವುಗಳಲ್ಲಿ ಈ ಅನುಪಾತ 0.71ನ್ನು ದಾಟಿ 0.72ಕ್ಕಿಂತಲೂ ಮೇಲೇರಬಲ್ಲದು. ಇವೆರಡರ ಮಧ್ಯೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲು ಮತ್ತು ಲೋಕಾಪುರದ ಕಡೆಯ ಸುಣ್ಣಕಲ್ಲು ಸೇರಿದ ಕಲಾದಗಿ ಶಿಲಾಸಮೂಹ ಇದೆ. ಕೃಷ್ಣೆ ಮಹಾಬಳೇಶ್ವರದಿಂದ ಬಸಾಲ್ಟಿನ ಮೇಲೆ ಹರಿದು ಬರುತ್ತದೆ, ಘಟಪ್ರಭೆ ಬಸಾಲ್ಟಿನಿಂದ ಹೊರಟು ಗೋಕಾಕದಲ್ಲಿ ಗಟ್ಟಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರು ಕೆಳಗೆ ಬೀಳುತ್ತದೆ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯಾದರೋ ತನ್ನ ದಾರಿಯ ಬಹುಪಾಲನ್ನು ಹಳೆಯ ಶಿಲೆಗಳ ನಡುವೆಯೇ ಸವೆಸಿ ಕೂಡಲಸಂಗಮಕ್ಕೆ ಬರುತ್ತದೆ. ಬೇರೆ ಬೇರೆ ಹಟ್ಟಿಯ ಕುರಿಗಳು ಬಯಲಿನಲ್ಲಿ ಬೆರೆತರೂ ಮೈಮೇಲಿನ ಬಣ್ಣದ ಗುರುತು ನೋಡಿ ಯಾರ ಮಂದೆಯವು ಎಷ್ಟು ಎಂದು ಎಣಿಸುವಂತೆ, ಬೆರೆತ ನೀರಿನ ಅನುಪಾತವನ್ನು ನೋಡಿ ಯಾವ ಬಂಡೆಯ ಪಾಲು ಎಷ್ಟೆಂದು ಎಣಿಸಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಇಲ್ಲಿ ಒಂದು ಬಿಡಿ ಪರಮಾಣುವಿನ ಮೇಲೆ ಗುರುತಿರುವುದಿಲ್ಲ, ಗುರುತು ಇರುವುದು ಇಡೀ ಗುಂಪಿನ ಅನುಪಾತದಲ್ಲಿ.

ಎಣಿಸುವ ರೀತಿ ತೀರ ಸರಳ. ಉದಾಹರಣೆಗೆಂದು ಒಂದು ಹೊಳೆ 0.706 ಅನುಪಾತದ ಸ್ಟ್ರಾಂಷಿಯಂನ 100 ಪಾಲನ್ನೂ ಇನ್ನೊಂದು ಹೊಳೆ 0.718 ಅನುಪಾತದ 50 ಪಾಲನ್ನೂ ತಂದು ಕೂಡಿಸಿದವೆಂದು ಇಟ್ಟುಕೊಳ್ಳಿ. ಕೂಡಿದ ಮೇಲೆ ಅನುಪಾತ 0.710 ಆಗುತ್ತದೆ. ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿದರೆ ಪಾಲುಗಳು ಸಿಗುತ್ತವೆ. ಆದರೆ ನಮ್ಮ ಭಾಗದಲ್ಲಿ ಸುಣ್ಣದ ಕಾಟವೊಂದಿದೆ. ಸುಣ್ಣಕಲ್ಲು, ಹಾಗೆಯೇ ಎರೆಹೊಲದಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳು, ಬಸಾಲ್ಟಿಗಿಂತಲೂ ಗ್ರಾನೈಟಿಗಿಂತಲೂ ಎಷ್ಟೋ ಬೇಗ ಕರಗುತ್ತದೆ, ಮತ್ತು ಕ್ಯಾಲ್ಸಿಯಂನ ಜೊತೆಗೆ ಅದೇ ಗುಣದ ಸ್ಟ್ರಾಂಷಿಯಂ ಅನ್ನೂ ನೀರಿಗೆ ಬಿಡುತ್ತದೆ. ಬಂಡೆಗಳ ವಿಸ್ತೀರ್ಣವನ್ನಷ್ಟೇ ನಕ್ಷೆಯಲ್ಲಿ ಅಳೆದು ‘ಇಷ್ಟು ಬಸಾಲ್ಟ್ ಇದೆ, ಆದ್ದರಿಂದ ನೀರಿನಲ್ಲಿ ಅದರ ಪಾಲು ಇಷ್ಟು’ ಎನ್ನುವ ಲೆಕ್ಕ ಸುಳ್ಳಾಗುವುದು ಇದರಿಂದಲೇ. ಎಷ್ಟು ಹರಡಿದೆ ಎಂಬುದಕ್ಕಿಂತ ಎಷ್ಟು ಬೇಗ ಕರಗುತ್ತದೆ ಎಂಬುದು ದೊಡ್ಡದು.

ಕಡಲನ್ನು ಸೇರಿದ ಮೇಲೆ ಸ್ಟ್ರಾಂಷಿಯಂನ ಗುರುತು ಕಾಣೆಯಾಗುತ್ತದೆ. ಒಂದು ಸ್ಟ್ರಾಂಷಿಯಂ ಪರಮಾಣು ಸಮುದ್ರದ ನೀರಿನಲ್ಲಿ ಸರಾಸರಿ ಕೆಲವು ದಶಲಕ್ಷ ವರ್ಷ ಉಳಿಯುತ್ತದೆ, ಸಾಗರಗಳ ನೀರೋ ಸುಮಾರು ಒಂದು ಸಾವಿರ ವರ್ಷಗಳಲ್ಲಿ ಒಂದು ಸುತ್ತು ಬೆರೆತುಕೊಳ್ಳುತ್ತದೆ. ಆದ್ದರಿಂದ ತೆರೆದ ಸಮುದ್ರದಲ್ಲಿ ಎಲ್ಲಿಂದ ನೀರು ತೆಗೆದರೂ ಅನುಪಾತ 0.7092 ಎಂದೇ ಬರುತ್ತದೆ. ಜಗತ್ತಿನ ನದಿಗಳು ತರುವ ಸರಾಸರಿ ಅನುಪಾತ ಇದಕ್ಕಿಂತ ಹೆಚ್ಚು, 0.711ರ ಆಸುಪಾಸಿನದು; ಸಾಗರತಳದ ಬಿಸಿನೀರಿನ ಬುಗ್ಗೆಗಳು ತರುವುದು ಕಡಿಮೆ, 0.703ರ ಸಮೀಪದ್ದು. ಇವೆರಡರ ಜಗ್ಗಾಟದ ಫಲವೇ ಕಡಲಿನ ಅಂಕಿ. ಕಳೆದ 4 ಕೋಟಿ ವರ್ಷಗಳಲ್ಲಿ ಆ ಅಂಕಿ 0.7077ರ ಸುಮಾರಿನಿಂದ 0.7092ಕ್ಕೆ ಏರಿದೆ ಎಂಬುದು ಹಳೆಯ ಕಡಲಚಿಪ್ಪುಗಳಿಂದ ಗೊತ್ತಾಗಿದೆ, ಹಿಮಾಲಯ ಮೇಲೆದ್ದು ಸವೆದದ್ದು ಇದಕ್ಕೆ ದೊಡ್ಡ ಕಾರಣವೆಂದು ಅನೇಕರು ಹೇಳುತ್ತಾರೆ. ಅದು ಎಷ್ಟರ ಮಟ್ಟಿಗೆ ಕಾರಣ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಪ್ರಶ್ನೆ: ನದಿ ತರುವ ಲೋಹಗಳೆಲ್ಲ ಅಳಿವೆಯಲ್ಲಿಯೇ (ನದಿ ಕಡಲನ್ನು ಕೂಡುವ ಕಡೆ) ಕೆಳಗೆ ಕೂತುಬಿಡುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ನದಿಯಿಂದ ಸಮುದ್ರಕ್ಕೆ ಲೋಹ ಸಿಗುವುದಾದರೂ ಹೇಗೆ? ನಮ್ಮ ಡೋಣಿ ಹೊಳೆಯ ನೀರು ಉಪ್ಪು. ಅಲ್ಲಿಯೂ ಹೀಗೆ ಆಗುತ್ತದೆಯೇ?
— ಪದವಿ ವಿದ್ಯಾರ್ಥಿ, ತಾಳಿಕೋಟೆ

ಉತ್ತರ: ಅಳಿವೆಯಲ್ಲಿ ಲೋಹ ಕೂರುತ್ತದೆ ಎಂಬುದು ಕೆಲವು ಲೋಹಗಳಿಗೆ ನಿಜ. ಕೂತದ್ದರಿಂದ ಕಥೆ ಮುಗಿಯಿತು ಎಂದು ತಿಳಿದುಕೊಳ್ಳುವುದು ಮಾತ್ರ ತಪ್ಪು, ಈ ಉತ್ತರದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ.

ಮೊದಲು ಕೂರುವ ಬಗೆ. ಸೋಸುಹಾಳೆಯ ಕೆಳಗೆ ಇಳಿದ ‘ಕರಗಿದ’ ಕಬ್ಬಿಣವೂ ಪೂರ್ತಿಯಾಗಿ ಕರಗಿರುವುದಿಲ್ಲ. ಅದರ ಬಹುಪಾಲು ಸೋಸುಹಾಳೆಯ ರಂಧ್ರಕ್ಕಿಂತ ಚಿಕ್ಕದಾದ ಕಲಿಲ ಕಣಗಳ ರೂಪದಲ್ಲಿ, ಎಲೆಗಸಿ ಮತ್ತು ಮಣ್ಣಿನಿಂದ ಬಂದ ಜೈವಿಕ ವಸ್ತುವಿನ ಜೊತೆಗೂಡಿ ತೇಲುತ್ತಿರುತ್ತದೆ. ಈ ಕಣಗಳ ಮೈಮೇಲೆ ಋಣ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ಉಳಿಯುತ್ತವೆ. ಅಳಿವೆಯಲ್ಲಿ ಸಮುದ್ರದ ಉಪ್ಪು ಬೆರೆತೊಡನೆ ಸೋಡಿಯಂ, ಅದಕ್ಕಿಂತ ಹೆಚ್ಚಾಗಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಆ ಆವೇಶವನ್ನು ಅಡಗಿಸಿಬಿಡುತ್ತವೆ; ಕಣಗಳು ಒಂದಕ್ಕೊಂದು ಅಂಟಿ, ಗರಣೆಗಟ್ಟಿ, ತಳಕ್ಕೆ ಇಳಿಯುತ್ತವೆ. ಬಾಯ್ಲ್, ಎಡ್ಮಂಡ್ ಮತ್ತು ಶೋಲ್ಕೊವಿಟ್ಸ್ ಎಂಬ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಖಚಿತವಾಗಿ ತೋರಿಸಿತು. ಅನೇಕ ಅಳಿವೆಗಳಲ್ಲಿ ನದಿಯ ‘ಕರಗಿದ’ ಕಬ್ಬಿಣದ ಶೇಕಡ 90 ಅಥವಾ ಅದಕ್ಕಿಂತ ಹೆಚ್ಚು ಹೀಗೆಯೇ ಉಳಿದುಬಿಡುತ್ತದೆ, ನಿಯೋಡೈಮಿಯಂನಲ್ಲಿ ಸುಮಾರು ಶೇಕಡ 70ರಷ್ಟು. ಸ್ಟ್ರಾಂಷಿಯಂಗೆ ಈ ತೊಡಕಿಲ್ಲ, ಅದು ನೇರವಾಗಿ ದಾಟಿಹೋಗುತ್ತದೆ. ಬೇರಿಯಂನದು ಇನ್ನೂ ವಿಚಿತ್ರ: ಜೇಡಿಯ ಕಣಕ್ಕೆ ಅಂಟಿಕೊಂಡು ಬಂದ ಬೇರಿಯಂ ಉಪ್ಪುನೀರು ತಾಗಿದೊಡನೆ ಕಳಚಿಕೊಂಡು ನೀರಿಗೆ ಬರುತ್ತದೆ, ಆದ್ದರಿಂದ ಅಳಿವೆಯಲ್ಲಿ ಅದು ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಇನ್ನು ಕೂತದ್ದರ ಕಥೆ. ಜಗತ್ತಿನ ನದಿಗಳು ವರ್ಷಕ್ಕೆ 1,500ರಿಂದ 2,000 ಕೋಟಿ ಟನ್ ಹೂಳನ್ನು ಕಡಲಂಚಿಗೆ ತರುತ್ತವೆ. ಕರಗಿದ ರೂಪದಲ್ಲಿ ತರುವುದು 400 ಕೋಟಿ ಟನ್ನಿನ ಆಸುಪಾಸು, ಅದರಲ್ಲಿಯೂ ಬಹುಪಾಲು ಸುಣ್ಣ, ಉಪ್ಪು, ಬೈಕಾರ್ಬೊನೇಟ್‌ಗಳಂಥ ಸಾಮಾನ್ಯ ಲವಣಗಳು. ನಿಯೋಡೈಮಿಯಂನಂಥ ಲೋಹ ಹೂಳಿನಲ್ಲಿ ಎಷ್ಟೊಂದು ಇರುತ್ತದೆಂದರೆ, ಆ ಹೂಳಿನ ನೂರಕ್ಕೆ ಒಂದೆರಡು ಪಾಲು ಕಡಲಿನ ನೀರಿನಲ್ಲಿ ನಿಧಾನವಾಗಿ ಕರಗಿದರೂ ಸಾಕು, ನದಿಗಳು ಕರಗಿಸಿ ತಂದದ್ದಕ್ಕಿಂತ ಹೆಚ್ಚಿನ ಲೋಹ ಸಮುದ್ರಕ್ಕೆ ಸಿಗುತ್ತದೆ. ಬಹಳ ಕಾಲ ಹೂಳನ್ನು ತಳದಲ್ಲಿ ಹೂತುಹೋದ ಜಡವಸ್ತುವೆಂದು ಲೆಕ್ಕದಿಂದ ಕೈಬಿಡಲಾಗಿತ್ತು. ಆ ಲೆಕ್ಕ ಸರಿಯಲ್ಲವೆಂದು ತೋರಿಸಿದ್ದು ಐಸೋಟೋಪುಗಳು.

ಅದು ಹೀಗೆ. ಸಮೇರಿಯಂ-147 ಕ್ಷಯಿಸಿ ನಿಯೋಡೈಮಿಯಂ-143 ಆಗುತ್ತದೆ, ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ. ಹಳೆಯ ಭೂಖಂಡಗಳ ಶಿಲೆಯಲ್ಲಿ ಈ 143ರ ಪಾಲು ಕಡಿಮೆ, ಹೊಸ ಜ್ವಾಲಾಮುಖಿ ಶಿಲೆಯಲ್ಲಿ ಹೆಚ್ಚು. ವ್ಯತ್ಯಾಸ ತೀರ ಚಿಕ್ಕದಾದ್ದರಿಂದ ಉಲ್ಕಾಶಿಲೆಗಳ ಸರಾಸರಿಗಿಂತ ಹತ್ತು ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಅಳೆದು, ಆ ಅಂಕಿಯನ್ನು ಎಪ್ಸಿಲಾನ್ ಎಂದು ಕರೆಯುತ್ತಾರೆ. ನಿಯೋಡೈಮಿಯಂ ಸಮುದ್ರದಲ್ಲಿ ಉಳಿಯುವುದು ಕೆಲವು ನೂರು ವರ್ಷ ಮಾತ್ರ, ಸಾಗರ ಬೆರೆಯಲು ಬೇಕಾದ ಕಾಲಕ್ಕಿಂತ ಕಡಿಮೆ; ಹೀಗಾಗಿ ಒಂದೊಂದು ಸಾಗರಕ್ಕೆ ಒಂದೊಂದು ಅಂಕಿ ಉಳಿದುಕೊಂಡಿದೆ. ಹಳೆಯ ಭೂಖಂಡಗಳಿಂದ ಸುತ್ತುವರಿದ ಉತ್ತರ ಅಟ್ಲಾಂಟಿಕ್‌ನ ಆಳದ ನೀರಿನಲ್ಲಿ ಅದು ಸುಮಾರು −13, ಜ್ವಾಲಾಮುಖಿಗಳ ಸರಪಳಿಯೇ ಸುತ್ತಲೂ ಇರುವ ಪೆಸಿಫಿಕ್‌ನಲ್ಲಿ −4ರಿಂದ ಸೊನ್ನೆಯ ಕಡೆಗೆ. ಒಂದು ನೀರಿನ ರಾಶಿ ಭೂಖಂಡದ ಅಂಚಿಗೆ ತಾಗಿ ಮುಂದೆ ಹೋದಾಗ ಅದರಲ್ಲಿನ ನಿಯೋಡೈಮಿಯಂನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಎಪ್ಸಿಲಾನ್ ಮಾತ್ರ ಬದಲಾಗಿರುವುದನ್ನು ಅನೇಕ ಕಡೆ ಕಂಡರು. ಅಂದರೆ ಅಂಚಿನ ಹೂಳು ಹಳೆಯದನ್ನು ಹೀರಿಕೊಂಡು ತನ್ನದನ್ನು ಬಿಟ್ಟುಕೊಟ್ಟಿದೆ. ಪ್ರಮಾಣವನ್ನಷ್ಟೇ ಅಳೆದಿದ್ದರೆ ಅಲ್ಲಿ ಏನೂ ನಡೆದೇ ಇಲ್ಲವೆಂದು ತೋರುತ್ತಿತ್ತು. ಲಕಾನ್ ಮತ್ತು ಜಾಂದೆಲ್ ಎಂಬ ಫ್ರಾನ್ಸಿನ ಸಂಶೋಧಕರು 2005ರಲ್ಲಿ ಇದನ್ನು ‘ಅಂಚಿನ ವಿನಿಮಯ’ ಎಂದು ವಿವರಿಸಿದರು, ಸಮುದ್ರದ ಲೋಹಗಳ ಲೆಕ್ಕವನ್ನು ಆಮೇಲೆ ಹೊಸದಾಗಿ ಬರೆಯಬೇಕಾಯಿತು. ಸಾಗರಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಲೋಹಗಳನ್ನೂ ಅವುಗಳ ಐಸೋಟೋಪುಗಳನ್ನೂ ಒಂದೇ ಕ್ರಮದಲ್ಲಿ ಅಳೆಯಲು ‘ಜಿಯೋಟ್ರೇಸಸ್’ ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ, ಭಾರತದ ಸಂಶೋಧಕರೂ ಹಿಂದೂ ಮಹಾಸಾಗರದಲ್ಲಿ ಅದರ ಕೆಲಸ ಮಾಡಿದ್ದಾರೆ. ಗಂಗೆ ಮತ್ತು ಬ್ರಹ್ಮಪುತ್ರಾ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ಸುರಿಯುವ ಬಂಗಾಳ ಕೊಲ್ಲಿ ಇಂಥ ವಿನಿಮಯವನ್ನು ನೋಡಲು ಜಗತ್ತಿನಲ್ಲಿಯೇ ಶ್ರೇಷ್ಠ ಜಾಗಗಳಲ್ಲಿ ಒಂದು. ನಮ್ಮ ಕೃಷ್ಣೆಯೂ ಸೇರುವುದು ಅದನ್ನೇ, ಆದರೆ ಅದರ ಪಾಲು ಬಹಳ ಚಿಕ್ಕದು.

ಡೋಣಿಯ ಬಗ್ಗೆ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಮಾತಿಗೆ ಕಾರಣವಾದ ಎರೆಭೂಮಿಯೇ ಡೋಣಿಯ ಉಪ್ಪಿಗೂ ಕಾರಣ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಇಂಗಿ ಬಸಿದುಹೋಗದ ಜೇಡಿಮಣ್ಣು, ಇವು ಮೂರೂ ಕೂಡಿ ಲವಣ ಮೇಲಕ್ಕೆ ಬಂದು ಹೊಳೆ ಸೇರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಡೋಣಿಯದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಗರಣೆಗಟ್ಟುವ ಕ್ರಿಯೆ ಕಡಿಮೆ ಉಪ್ಪಿನಲ್ಲಿಯೇ ಶುರುವಾಗುವುದರಿಂದ ಬೇಸಿಗೆಯಲ್ಲಿ ಡೋಣಿಯ ಮಡುವಿನ ನೀರು ತಿಳಿಯಾಗಿ ನಿಲ್ಲುವುದಕ್ಕೆ ಅದೂ ಒಂದು ಕಾರಣವಾಗಿರಬಹುದೆಂಬ ಊಹೆಯಲ್ಲಿ ಹುರುಳಿದೆ. ಸಾಧ್ಯವಿದ್ದರೆ ನೀವೇ ಪರೀಕ್ಷಿಸಿ ನೋಡಿ: ಮಳೆಗಾಲದ ಕದಡಿದ ಕೃಷ್ಣೆಯ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ತುಂಬಿ, ಒಂದಕ್ಕೆ ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿ, ಒಂದು ರಾತ್ರಿ ಇಡಿ. ಯಾವುದು ಮೊದಲು ತಿಳಿಯಾಯಿತು ಎಂಬುದು ಬರಿಗಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದ ಸೀಸ ಈಗಲೂ ಕಡಲಿನಲ್ಲಿ ಇದೆಯೇ?
— ಓದುಗರು, ಬೈಲಹೊಂಗಲ

ಉತ್ತರ: ಇದೆ, ಮತ್ತು ಗುರುತು ಹಿಡಿಯಲೂ ಬರುತ್ತದೆ. ಸೀಸದ 206, 207, 208ನೇ ಐಸೋಟೋಪುಗಳು ಯುರೇನಿಯಂ ಮತ್ತು ಥೋರಿಯಂಗಳ ಕ್ಷಯದಿಂದ ಹೆಚ್ಚುತ್ತವೆ, 204 ಹೆಚ್ಚುವುದಿಲ್ಲ. ಆದ್ದರಿಂದ ಒಂದೊಂದು ಗಣಿಯ ಸೀಸಕ್ಕೆ ಒಂದೊಂದು ಅನುಪಾತ. ಇದೇ ವಿದ್ಯೆಯಿಂದ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಅಳೆದರು, ಅದೇ ಕೆಲಸದ ನಡುವೆ ವಾಹನಗಳ ಸೀಸ ಎಲ್ಲೆಲ್ಲೂ ಹರಡಿರುವುದನ್ನು ಕಂಡು ಅದರ ವಿರುದ್ಧ ದನಿಯೆತ್ತಿದರು. ಭಾರತದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಅದರ ಸೀಸ ಕಡಲಿಗೆ ಹೋದದ್ದು ಹೆಚ್ಚಾಗಿ ಗಾಳಿಯ ಮೂಲಕವೇ ಹೊರತು ನದಿಯ ಮೂಲಕವಲ್ಲ. ಮೇಲ್ಪದರದ ನೀರಿನಿಂದ ಅದು ಕೆಲವೇ ವರ್ಷಗಳಲ್ಲಿ ಕೆಳಗಿಳಿಯುತ್ತದೆ, ಆಳದಲ್ಲಿ ದಶಕಗಳ ಕಾಲ ಉಳಿಯುತ್ತದೆ.

ಪ್ರಶ್ನೆ: ದಾರಿಯಲ್ಲಿ ಐಸೋಟೋಪುಗಳ ಗುರುತು ಅಳಿಸಿಹೋಗುವುದಿಲ್ಲವೇ? ಮಣ್ಣು, ಬೆಳೆ, ಕೆರೆ ಎಲ್ಲವನ್ನೂ ದಾಟಿ ಬಂದ ನೀರಿನಲ್ಲಿ ಬಂಡೆಯ ಗುರುತೇ ಉಳಿದಿರುತ್ತದೆ ಎಂದು ಹೇಗೆ ನಂಬುವುದು?
— ಕೃಷಿ ಪದವೀಧರರು, ಸಿಂದಗಿ

ಉತ್ತರ: ಈ ಪ್ರಶ್ನೆಯನ್ನು ಕೇಳದೆ ಐಸೋಟೋಪುಗಳ ಅಂಕಿಗಳನ್ನು ಬಳಸುವವರು ಎಡವುತ್ತಾರೆ. ಸ್ಟ್ರಾಂಷಿಯಂ, ನಿಯೋಡೈಮಿಯಂ, ಸೀಸ ಈ ಮೂರರ ಅನುಪಾತಗಳಲ್ಲಿ ನಾವು ನೋಡುವ ವ್ಯತ್ಯಾಸ ಕೋಟಿ ಕೋಟಿ ವರ್ಷಗಳ ವಿಕಿರಣ ಕ್ಷಯದಿಂದ ಬಂದದ್ದು. ಮಣ್ಣಿನಲ್ಲಿ ಅಥವಾ ಬೆಳೆಯಲ್ಲಿ ಆಗುವ ರಾಸಾಯನಿಕ ಕ್ರಿಯೆಗಳು ತರುವ ಬದಲಾವಣೆ ಅದರ ಮುಂದೆ ತೀರ ಅಲ್ಪ. ಸ್ಟ್ರಾಂಷಿಯಂ ಅಳೆಯುವಾಗ 86 ಮತ್ತು 88ರ ಅನುಪಾತವನ್ನು 0.1194 ಎಂಬ ಒಪ್ಪಿತ ಬೆಲೆಗೆ ಸರಿಪಡಿಸಿಕೊಳ್ಳುವುದರಿಂದ, ತೂಕದ ವ್ಯತ್ಯಾಸದಿಂದ ಉಂಟಾದ ಏರುಪೇರು, ಅದು ಪ್ರಕೃತಿಯಲ್ಲಿ ಆದದ್ದಿರಲಿ ಉಪಕರಣದಲ್ಲಿ ಆದದ್ದಿರಲಿ, ಲೆಕ್ಕದಿಂದ ಹೊರಗೆ ಹೋಗುತ್ತದೆ. ಹಾಗಾಗಿ ಮೂಲವನ್ನು ಹುಡುಕಲು ಈ ಲೋಹಗಳು ನಂಬಿಕಸ್ಥವಾಗಿವೆ.

ಲಿಥಿಯಂ, ಕಬ್ಬಿಣ, ತಾಮ್ರ, ಸತು, ಮಾಲಿಬ್ಡಿನಂ ಇವುಗಳ ಸ್ಥಿರ ಐಸೋಟೋಪುಗಳ ವಿಷಯ ಬೇರೆ. ಇವುಗಳ ಗುರುತು ದಾರಿಯಲ್ಲಿ ಬದಲಾಗುತ್ತದೆ, ಬದಲಾಗುವುದೇ ಅವುಗಳ ಉಪಯೋಗ. ಹಗುರ ಮತ್ತು ಭಾರದ ಪರಮಾಣುಗಳು ರಾಸಾಯನಿಕ ಬಂಧಗಳಲ್ಲಿ ಸಮನಾಗಿ ಹಂಚಿಕೊಳ್ಳುವುದಿಲ್ಲ, ಗಟ್ಟಿಯಾದ ಬಂಧದ ಕಡೆಗೆ ಭಾರದವು ಸ್ವಲ್ಪ ಹೆಚ್ಚಾಗಿ ಸೇರುತ್ತವೆ. ನಿಮ್ಮ ಸಿಂದಗಿಯ ಎರೆಮಣ್ಣನ್ನೇ ತೆಗೆದುಕೊಳ್ಳಿ. ಬಸಾಲ್ಟ್ ಕರಗಿ ಜೇಡಿಯಾಗುವಾಗ ಆ ಜೇಡಿ ಲಿಥಿಯಂ-6 ಅನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ, ಲಿಥಿಯಂ-7 ಹೆಚ್ಚಾಗಿ ನೀರಿನ ಜೊತೆ ಹೊರಟುಹೋಗುತ್ತದೆ. ಬಂಡೆಗಳಲ್ಲಿ ಒಪ್ಪಿತ ಮಾನಕಕ್ಕಿಂತ ಸಾವಿರಕ್ಕೆ ಒಂದೆರಡರಷ್ಟಿರುವ ಹೆಚ್ಚಳ ಜಗತ್ತಿನ ನದಿಗಳ ಸರಾಸರಿಯಲ್ಲಿ ಸಾವಿರಕ್ಕೆ 23, ಸಮುದ್ರದಲ್ಲಿ 31. ಆದ್ದರಿಂದ ನದಿಯ ಲಿಥಿಯಂ ‘ಯಾವ ಬಂಡೆ’ ಎಂದು ಹೇಳುವುದಕ್ಕಿಂತ ‘ಎಷ್ಟು ಕರಗಿತು, ಎಷ್ಟು ಜೇಡಿಯಾಗಿ ಹೊಲದಲ್ಲಿಯೇ ಉಳಿಯಿತು’ ಎಂಬುದನ್ನು ಹೇಳುತ್ತದೆ. ಮಾಲಿಬ್ಡಿನಂನಲ್ಲಿಯೂ ಹೀಗೆಯೇ, ಸಾಗರತಳದ ಮ್ಯಾಂಗನೀಸ್ ಆಕ್ಸೈಡುಗಳು ಹಗುರವಾದದ್ದನ್ನು ಹೀರಿಕೊಳ್ಳುವುದರಿಂದ ನದಿಗಳ ಸರಾಸರಿ ಸಾವಿರಕ್ಕೆ 0.7ರ ಸುಮಾರಿದ್ದರೂ ಸಮುದ್ರದ್ದು 2.3 ಇದೆ. ತಾಮ್ರದಲ್ಲಿ ಭಾರದ ಐಸೋಟೋಪು ನೀರಿನಲ್ಲಿ ಕರಗಿದ ಜೈವಿಕ ವಸ್ತುವಿಗೆ ಅಂಟಿಕೊಂಡು ಸಾಗುತ್ತದೆ, ಹಗುರದ್ದು ಕಣಗಳ ಮೇಲೆ ಕೂರುತ್ತದೆ.

ಇವೆರಡು ಬಗೆಯ ಲೋಹಗಳನ್ನು ಒಂದೇ ನೀರಿನಲ್ಲಿ ಒಟ್ಟಿಗೆ ಅಳೆಯುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಸ್ಟ್ರಾಂಷಿಯಂ ಬಂಡೆಯನ್ನು ತೋರಿಸಲಿ, ಲಿಥಿಯಂ ಆ ಬಂಡೆಗೆ ಏನಾಯಿತೆಂದು ತಿಳಿಸಲಿ. ಒಂದರಿಂದಲೇ ಎರಡನ್ನೂ ಹೇಳಹೊರಟ ಕಡೆಗಳಲ್ಲಿ ತೀರ್ಮಾನಗಳು ಗಟ್ಟಿಯಾಗಿ ನಿಂತಿಲ್ಲ.

ಪ್ರಶ್ನೆ: ಆಲಮಟ್ಟಿ, ನಾರಾಯಣಪುರ, ಹಿಡಕಲ್, ನವಿಲುತೀರ್ಥ, ಹೀಗೆ ಸಾಲುಸಾಲಾಗಿ ಅಣೆಕಟ್ಟುಗಳಿವೆ. ನೀರೇ ನಿಂತ ಮೇಲೆ ಈ ಲೋಹಗಳ ಗತಿ ಏನು?
— ಓದುಗರು, ನಿಡಗುಂದಿ

ಉತ್ತರ: ಕರಗಿದ ಹೊರೆ ಮತ್ತು ಕಣರೂಪದ ಹೊರೆ ಎಂಬ ವಿಂಗಡಣೆ ಇಲ್ಲಿ ಮತ್ತೆ ಬೇಕಾಗುತ್ತದೆ. ಜಲಾಶಯದಲ್ಲಿ ನೀರಿನ ಓಟ ತಗ್ಗಿದೊಡನೆ ಮರಳು ಮೊದಲು, ಗೋಡು ಆಮೇಲೆ ತಳಕ್ಕೆ ಇಳಿಯುತ್ತದೆ. ಅದರ ಜೊತೆ ಕಬ್ಬಿಣ, ನಿಯೋಡೈಮಿಯಂ, ಸೀಸಗಳ ಬಹುಪಾಲೂ ಇಳಿಯುತ್ತದೆ. ಸ್ಟ್ರಾಂಷಿಯಂ ಗೇಟಿನಿಂದ ಹೊರಗೆ ಹೋಗುತ್ತದೆ, ಇಲ್ಲವೇ ಕಾಲುವೆ ಹಿಡಿದು ಹೊಲಕ್ಕೆ ಹೋಗುತ್ತದೆ. ಅಣೆಕಟ್ಟುಗಳು ಬಂದ ಮೇಲೆ ಆಂಧ್ರದಲ್ಲಿರುವ ಕೃಷ್ಣೆಯ ಮುಖಜ ಭೂಮಿಗೆ ತಲುಪುವ ಹೂಳು ಬಹಳ ಕಡಿಮೆಯಾಗಿದೆ, ಅಲ್ಲಿನ ಕಡಲಂಚು ಅಲ್ಲಲ್ಲಿ ಕೊರೆದುಹೋಗುತ್ತಿದೆ. ತಾಳಿಕೋಟೆಯ ವಿದ್ಯಾರ್ಥಿಗೆ ಕೊಟ್ಟ ಉತ್ತರದಲ್ಲಿ ಹೇಳಿದಂತೆ ಸಮುದ್ರದ ಲೋಹಗಳಿಗೆ ಹೂಳೇ ದೊಡ್ಡ ಮೂಲವಾಗಿದ್ದರೆ, ಅಣೆಕಟ್ಟಿನ ಹಿಂದೆ ಉಳಿಯುವುದು ಕೇವಲ ಮಣ್ಣಲ್ಲ, ಮುಂದಿನ ಎಷ್ಟೋ ವರ್ಷ ಕಡಲಿಗೆ ಒದಗಬೇಕಾಗಿದ್ದ ಲೋಹಗಳೂ ಅಲ್ಲಿಯೇ ಉಳಿಯುತ್ತವೆ. ಸಮುದ್ರದ ಸೂಕ್ಷ್ಮ ಸಸ್ಯಗಳಿಗೆ ಕಬ್ಬಿಣ ಅತ್ಯಗತ್ಯವೆಂಬುದನ್ನು ನೆನೆದರೆ ಇದು ಹಗುರವಾಗಿ ಕಾಣುವ ವಿಷಯವಲ್ಲ.

ಜಲಾಶಯದ ತಳ ಕೂಡ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ನೀರು ಕಾದು, ಕೆಳಗಿನ ತಂಪು ನೀರಿನೊಡನೆ ಬೆರೆಯದೆ ನಿಂತಾಗ ತಳದ ಆಮ್ಲಜನಕ ತೀರುತ್ತಾ ಬರುತ್ತದೆ. ಆಗ ಮ್ಯಾಂಗನೀಸ್ ಮೊದಲು, ಕಬ್ಬಿಣ ನಂತರ, ಮತ್ತೆ ಕರಗಿ ನೀರಿಗೆ ಬರುತ್ತವೆ, ಅವುಗಳ ಆಕ್ಸೈಡಿಗೆ ಅಂಟಿಕೊಂಡಿದ್ದ ಇತರ ಲೋಹಗಳನ್ನೂ ಜೊತೆಗೆ ಬಿಡಿಸಿಕೊಂಡು ಬರುತ್ತವೆ.

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕೂಡಲಸಂಗಮದಲ್ಲಿ ನೀರು ತೆಗೆದು ಮಲಪ್ರಭೆ, ಕೃಷ್ಣೆಗಳ ಪಾಲನ್ನು ಅಳೆಯಬೇಕೆಂದಿದ್ದಾರೆ. ಏನೇನು ಎಚ್ಚರ ಬೇಕು?
— ಭೂವಿಜ್ಞಾನ ಅಧ್ಯಾಪಕರು, ಬಾಗಲಕೋಟೆ

ಉತ್ತರ: ಮೊದಲನೆಯದಾಗಿ, ಸಂಗಮದಲ್ಲಿಯೇ ನೀರು ತೆಗೆಯಬೇಡಿ. ಕೂಡಲಸಂಗಮ ಈಗ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿದೆ. ಅಲ್ಲಿ ಎರಡು ಹೊಳೆಗಳ ನೀರು ಗಾಳಿ ಬೀಸಿದತ್ತ, ಗೇಟು ತೆಗೆದತ್ತ ಸರಿದಾಡುತ್ತಿರುತ್ತದೆ. ಮಲಪ್ರಭೆಯನ್ನು ಹಿನ್ನೀರು ತಲುಪದಷ್ಟು ಮೇಲೆ, ಕೃಷ್ಣೆಯನ್ನು ಆಲಮಟ್ಟಿಯ ಕೆಳಗೆ, ಬೆರೆತ ನೀರನ್ನು ನಾರಾಯಣಪುರ ಅಣೆಕಟ್ಟಿನ ಕೆಳಗೆ ತೆಗೆಯಿರಿ. ಮುಂಗಾರಿನ ಮೊದಲ ಹೊಸ ನೀರು, ತುಂಬುಹೊಳೆ, ಹಿಂಗಾರು ಮುಗಿದ ಮೇಲಿನ ತಿಳಿನೀರು, ಈ ಮೂರೂ ಬೇಕು. ಕೊನೆಯದರಲ್ಲಿ ಅಂತರ್ಜಲದ ಪಾಲು ಹೆಚ್ಚಿರುವುದರಿಂದ ಸುಣ್ಣದ ಗುರುತು ಎದ್ದು ಕಾಣುತ್ತದೆ.

ಸೇತುವೆಯ ನಡುವಿನಿಂದ, ಪ್ಲಾಸ್ಟಿಕ್ ಬಕೆಟ್ಟನ್ನು ನೈಲಾನ್ ಹಗ್ಗಕ್ಕೆ ಕಟ್ಟಿ ಇಳಿಸಿ. ಬಕೆಟ್ಟಿನ ಹಿಡಿ ಕಬ್ಬಿಣದ ಸರಿಗೆಯದಾಗಿದ್ದರೆ ಮೊದಲೇ ಕಿತ್ತು ಹಾಕಿ. ಆಮ್ಲದಲ್ಲಿ ನೆನೆಸಿ ತೊಳೆದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ಹೊಳೆಯ ನೀರಿನಿಂದ ಮೂರು ಸಲ ಗಲಬರಿಸಿ. 0.45 ಮೈಕ್ರೋಮೀಟರಿನ ಹಾಳೆಯಲ್ಲಿ ಆದಷ್ಟು ಬೇಗ, ಅಂದೇ ಸೋಸಿ. ತುಂಬುಹೊಳೆಯಲ್ಲಿ ಕೆಲವು ನೂರು ಮಿಲಿಲೀಟರಿಗೇ ಹಾಳೆ ಕಟ್ಟಿಕೊಳ್ಳುತ್ತದೆ, ಆಗ ಒತ್ತಡ ಹೆಚ್ಚಿಸಬೇಡಿ, ಹಾಳೆ ಬದಲಿಸಿ. ಕಟ್ಟಿಕೊಂಡ ಹಾಳೆಯ ರಂಧ್ರ ಕಿರಿದಾಗಿ ಕಲಿಲ ಕಣಗಳೂ ಮೇಲೆಯೇ ಉಳಿಯುವುದರಿಂದ ಕಬ್ಬಿಣದ ಅಂಕಿ ತಪ್ಪಾಗುತ್ತದೆ. ಹಾಳೆಗಳನ್ನು ಎಸೆಯದೆ ಒಣಗಿಸಿ ಇಡಿ, ನಿಯೋಡೈಮಿಯಂ ಇರುವುದು ಅದರ ಮೇಲೆಯೇ. ಸೋಸಿದ ನೀರಿಗೆ ಶುದ್ಧ ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕೆ ಇಳಿಸಿದರೆ ಲೋಹಗಳು ಬಾಟಲಿಯ ಗೋಡೆಗೆ ಅಂಟುವುದಿಲ್ಲ. ಕ್ಷಾರೀಯತೆ ಅಳೆಯಲು ಆಮ್ಲ ಬೆರೆಸದ ಒಂದು ಬಾಟಲಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಐಸೋಟೋಪು ಅಳೆಯುವ ದ್ರವ್ಯರಾಶಿ ರೋಹಿತಮಾಪಕಗಳು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮೊದಲಾದ ಕಡೆ ಇವೆ. ಅಲ್ಲಿಗೆ ಮಾದರಿ ಕಳಿಸುವ ಮುನ್ನ ಪತ್ರ ಬರೆದು ಕೇಳಿಕೊಳ್ಳಿ. ಪ್ರತಿ ಸಲವೂ ಶುದ್ಧೀಕರಿಸಿದ ನೀರಿನ ಒಂದು ಬಾಟಲಿಯನ್ನು ಹೊಳೆಯ ದಂಡೆಗೆ ಒಯ್ದು, ಅಲ್ಲಿಯೇ ತೆರೆದು, ಅದೇ ಹಾಳೆ, ಅದೇ ಆಮ್ಲ, ಅದೇ ಕೈಗವಸಿನಿಂದ ಸಂಸ್ಕರಿಸಿ ಮಾದರಿಗಳ ಜೊತೆಗೆ ಕಳಿಸಿ. ಸಮುದ್ರದ ಒಂದು ಲೀಟರಿನಲ್ಲಿ ನಿಯೋಡೈಮಿಯಂ ಒಂದು ಗ್ರಾಮಿನ ನೂರು ಕೋಟಿಯ ಎರಡು ಮೂರು ಪಾಲಷ್ಟೇ ಇರುತ್ತದೆ, ನದಿಯಲ್ಲಿ ಹೆಚ್ಚಿದ್ದರೂ ಅಳತೆ ಅದೇ ಸೂಕ್ಷ್ಮದ್ದು. ಕೈಯ ಬೆವರು, ಅಂಗಿಯ ದೂಳು, ಸೇತುವೆಯ ಬಣ್ಣ ಯಾವುದೂ ಇಲ್ಲಿ ನಿರ್ಲಕ್ಷಿಸುವಷ್ಟು ಚಿಕ್ಕದಲ್ಲ. ಆ ಶುದ್ಧ ನೀರಿನ ಬಾಟಲಿಯಲ್ಲಿ ಸೀಸ ಅಥವಾ ಸತು ಕಾಣಿಸಿಕೊಂಡರೆ ಅಂದಿನ ಎಲ್ಲ ಮಾದರಿಗಳ ಆ ಲೋಹದ ಅಂಕಿಗಳನ್ನು ಕೈಬಿಡಿ. ಸ್ಟ್ರಾಂಷಿಯಂ ನದಿನೀರಿನಲ್ಲಿ ಸಾಕಷ್ಟಿರುವುದರಿಂದ ಅದರ ಅಂಕಿಗಳನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು, ಎರಡು ಹೊಳೆಗಳ ಪಾಲು ಕೇಳುವ ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಮೊದಲ ಉತ್ತರ ಅದರಿಂದಲೇ ಸಿಗುತ್ತದೆ.